ಬಾಯಿ ಬಿಡದ ಕೋವಿ

ನಿದ್ದೆಯಲ್ಲಿ ಕನಸು ಕಾಣುವುದು ಯಾರ ಕೈಲಾದರೂ ಆಗುವ ಕೆಲಸ. ಒಂದು ಹಾಸಿಗೆ, ಒಂದು ದಿಂಬು, ಒಂದಿಷ್ಟು ಸೊಳ್ಳೆಬತ್ತಿ ಇದ್ದರೆ ಸಾಕು. ಆದರೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ, ನಲ್ಲಿಯಡಿ ಕೊಡ ಇಟ್ಟು ಕೂತಾಗ, ಕ್ಷೌರದ ಕತ್ತಿ ಗಂಟಲ ಮೇಲೆ ಆಡುತ್ತಿರುವಾಗ, ಎರಡೂ ಕಣ್ಣು ಬಿಟ್ಟುಕೊಂಡು ಕನಸು ಕಾಣಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು. ಗರುಡಾಚಾರ್‌ಪಾಳ್ಯದ ರಾಮಾಂಜಿನಪ್ಪನವರಿಗೆ ಆ ಪುಣ್ಯ ಧಾರಾಳವಾಗಿತ್ತು. ಅದನ್ನು ಅನುಭವಿಸುವ ಕರ್ಮ ಅವರ ಹೆಂಡತಿ ಆದಿಲಕ್ಷ್ಮಿಯದಾಗಿತ್ತು.

ಕನಸು ಬಹುಪಾಲು ಒಂದೇ. ಈಗ ಟಿನ್ ಫ್ಯಾಕ್ಟರಿಯ ಬಸ್ಸುಗಳು ನಿಲ್ಲುವ ಜಾಗದಲ್ಲಿ ರಾಗಿ ಹೊಲ. ಹೊಲದ ಮೇಲೆ ಮಂಜು. ಮಂಜಿನೊಳಗೊಂದು ಚಿರತೆ. ಚಿರತೆಯ ಎದುರಿಗೆ ರಾಮಾಂಜಿನಪ್ಪನವರ ತಾತ, ಕೈಯಲ್ಲಿ ಜೋಡುನಳಿಗೆ ಕೋವಿ. ಢಂ! ಆ ಚಿರತೆಯನ್ನು ಕಂಡವರು ಯಾರೂ ಈಗ ಬದುಕಿಲ್ಲ. ಚಿರತೆಯೂ ಬದುಕಿಲ್ಲ. ಆದ್ದರಿಂದ ಸಾಕ್ಷಿ ಕೇಳುವ ಹಾಗಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ.

ಕೋವಿ ಮಾತ್ರ ಉಳಿದಿತ್ತು. ಅದಕ್ಕೆ ಲೈಸೆನ್ಸೂ ಇತ್ತು. ಹಂದಿ ಬಂದರೆ ಹೆದರಿಸಲು, ಬೆಳೆ ಕಾಯಲು ಅಂತ ಸರ್ಕಾರ ತಾತನಿಗೆ ಕೊಟ್ಟ ಲೈಸೆನ್ಸು ಅಪ್ಪನ ಕೈ ದಾಟಿ ಮಗನಿಗೆ ಬಂದಿತ್ತು. ಅಷ್ಟರಲ್ಲಿ ಹೊಲಗಳೆಲ್ಲ ಶೆಡ್ಡುಗಳಾಗಿ, ಶೆಡ್ಡುಗಳು ಫ್ಯಾಕ್ಟರಿಗಳಾಗಿ, ಮಿಕ್ಕದ್ದು ಸೈಟುಗಳಾಗಿ, ರಾಮಾಂಜಿನಪ್ಪನವರ ಪಾಲಿಗೆ ಬೆಳೆ ಅಂತ ಉಳಿದದ್ದು ಹಿತ್ತಲಿನ ಒಂದು ಕರಿಬೇವಿನ ಗಿಡ. ಕರಿಬೇವಿಗೆ ಅಷ್ಟು ಬಿಗಿ ಬಂದೋಬಸ್ತು ಇದ್ದ ಮನೆ ಇಡೀ ಹೋಬಳಿಯಲ್ಲಿ ಇನ್ನೊಂದಿರಲಿಲ್ಲ.

ತೊಂಬತ್ತೊಂಬತ್ತರ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರಬೇಕು, ಇದು ಕಾನೂನು. ರಾಮಾಂಜಿನಪ್ಪನವರು ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಕೋವಿ ಒಪ್ಪಿಸಿ ಬಂದರು. ಫಲಿತಾಂಶ ಬಂದು, ಗೆದ್ದವರು ಹಾರ ಹಾಕಿಸಿಕೊಂಡು, ಸೋತವರು ಮನೆ ಸೇರಿದ ಮೇಲೆ ಕೋವಿ ವಾಪಸ್ಸು ಬಂತು. ಸ್ಟೇಷನ್ನಿನ ಮೈಲಿಗೆ ಕಳೆಯಲೆಂದು ರಾಮಾಂಜಿನಪ್ಪನವರು ಅದನ್ನು ಹಿತ್ತಲ ಬಿಸಿಲಿಗೆ ಮಲಗಿಸಿ, ಆದಿಲಕ್ಷ್ಮಿಯ ತಲೆಗೆಂದು ತಂದಿದ್ದ ಕೊಬ್ಬರಿ ಎಣ್ಣೆಯನ್ನು ಸುರಿದು, ಹದವಾಗಿ ತಿಕ್ಕಲು ಕೂತರು. ತಿಕ್ಕುತ್ತಾ ತಿಕ್ಕುತ್ತಾ ಮಂಜು ಇಳಿಯಿತು, ಚಿರತೆ ಬಂತು.

ಅದೇ ದಿನ ಆದಿಲಕ್ಷ್ಮಿಯ ತಾಯಿ ಜಟ್ಟೆಮ್ಮನವರ ಕಣ್ಣಿನ ಆಪರೇಷನ್ನು. ತಾಯಿಗೆಂದು ಮುದ್ದೆ ಬಸ್ಸಾರು ಕಟ್ಟಿಕೊಂಡು ಆದಿಲಕ್ಷ್ಮಿ ಮುಂದೆ ಹೋಗುವುದು, ಹಸುವಿಗೆ ಹುಲ್ಲು ಹಾಕಿ ರಾಮಾಂಜಿನಪ್ಪನವರು ಹಿಂದೆ ಬರುವುದು, ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ಸೇರಿ ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಆದಿಲಕ್ಷ್ಮಿ ಟಿಫನ್ ಕ್ಯಾರಿಯರ್ ಹಿಡಿದು ಟಿನ್ ಫ್ಯಾಕ್ಟರಿಯ ಧೂಳಿನಲ್ಲಿ ನಿಂತಳು. ಮುದ್ದೆ ಆರಿತು, ಬಸ್ಸಾರು ಚೆಲ್ಲಿತು, ಗಂಡ ಬರಲಿಲ್ಲ. ಅಲ್ಲಿ ತಾಯಿಯ ಕಣ್ಣಿಗೆ ಪಟ್ಟಿ ಕಟ್ಟುವ ಹೊತ್ತಿಗೆ ಇಲ್ಲಿ ಅಳಿಯ ಚಿರತೆಗೆ ಗುರಿ ಇಟ್ಟಿದ್ದರು.

ಆಸ್ಪತ್ರೆಯಿಂದ ಆದಿಲಕ್ಷ್ಮಿ ನೇರವಾಗಿ ಬಾಣಸವಾಡಿಯ ತವರಿಗೆ ಹೋದಳು. ಮನೆಗೆ ಬರಲಿಲ್ಲ. ಎಸ್‌ಟಿಡಿ ಬೂತಿಗೆ ಫೋನು ಬಂತು, ಬೂತಿನವನು ಬಂದು ಬೀದಿಗೆಲ್ಲ ಕೇಳುವಂತೆ ಒಪ್ಪಿಸಿದ: "ಅಕ್ಕ ಹೇಳಿದ್ರಣ್ಣ, ನಿಮಗೆ ಆ ಕೋವಿನೇ ಹೆಂಡ್ತಿ ಅಂತೆ, ಅದರ ಕೈಲೇ ಮುದ್ದೆ ಮಾಡಿಸ್ಕೊಂಡು ತಿನ್ಬೇಕಂತೆ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣಲು ಬಡಿಸುವವರೇ ಇಲ್ಲದಿದ್ದರೆ ಜಗಳ ಮುಗಿಯುವುದು ಹೇಗೆ ಎಂದು ಗಾದೆ ಕಟ್ಟಿದವರು ಯೋಚಿಸಿಲ್ಲ. ರಾಮಾಂಜಿನಪ್ಪನವರು ಬ್ರೆಡ್ಡು ತಿಂದರು. ಮೇಲೆ ಬಾಳೆಹಣ್ಣು ತಿಂದರು. ಮನೆಯಲ್ಲಿ ಮಾತು ಕೇಳಿಸದೆ ಕಿವಿ ಗುಂಯ್‌ಗುಡತೊಡಗಿತು. ಅವರಿಗೆ ನಿಜವಾಗಿಯೂ ದುಃಖವಾಯಿತು.

ಇದರ ಜೊತೆಗೆ ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತು. ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಆ ದಿನ. ತಾತನ ಫೋಟೋದ ಮುಂದೆ ಹೊಸ ಪಂಚೆ, ಕೋಳಿ ಸಾರು, ಬೀಡಿ ಕಟ್ಟು, ಒಂದು ಲೋಟ ಸಾರಾಯಿ, ಪಕ್ಕದಲ್ಲಿ ಕೋವಿ. ಕೋವಿಯನ್ನು ಸುಮ್ಮನೆ ಒರಗಿಸುವಂತಿಲ್ಲ. ಮೇಲಿನ ಲಿವರನ್ನು ಹೆಬ್ಬೆರಳಿನಿಂದ ತಳ್ಳಿ, ನಳಿಗೆ ಕೆಳಗೆ ಬಾಗಿ, ಕೋವಿ ಬಾಯಿ ಬಿಟ್ಟಿರಬೇಕು. ಬಾಯಿ ಮುಚ್ಚಿದ ಕೋವಿ ಕಂಡರೆ ಮನೆಯವರಿಗೆ ತಮ್ಮ ಮೇಲೇ ಅನುಮಾನ ಎಂದುಕೊಂಡು ಹಿರಿಯರು ಹೊಸಿಲಿನಿಂದಲೇ ಹಿಂತಿರುಗುತ್ತಾರೆ. ಎಡೆ ಇಡುವುದಂತೂ ಮನೆಯ ಸೊಸೆಯೇ ಆಗಬೇಕು. ಹೀಗೆ ಅಮಾವಾಸ್ಯೆಯೊಳಗೆ ಬೇಕಾದದ್ದು ಎರಡು: ಬಾಯಿ ಬಿಟ್ಟ ಕೋವಿ, ಮನೆಗೆ ಬಂದ ಆದಿಲಕ್ಷ್ಮಿ.

ರಾಮಾಂಜಿನಪ್ಪನವರು ಲಿವರ್ ತಳ್ಳಿ ನೋಡಿದರು. ಅದು ಕದಲಲಿಲ್ಲ. ಗೋಡೆಗೆ ಒತ್ತಿ ತಳ್ಳಿದರು, ಮೊಣಕಾಲಿನ ಮಧ್ಯೆ ಇಟ್ಟು ತಳ್ಳಿದರು, ತಾತನ ಫೋಟೋಕ್ಕೆ ಕೈಮುಗಿದು ತಳ್ಳಿದರು. ಕೋವಿ ಆದಿಲಕ್ಷ್ಮಿಯಷ್ಟೇ ಹಟ ಹಿಡಿದಿತ್ತು. ಆಗ ಅವರ ತಲೆಗೆ ಹೊಳೆದ ಉಪಾಯ ಹೀಗಿತ್ತು: ಜಗಳ ಶುರುವಾದದ್ದು ಕೋವಿಯಿಂದ. ಆದ್ದರಿಂದ ಮೊದಲು ಕೋವಿ ಸರಿಯಾಗಬೇಕು. ಸರಿಯಾದ ಕೋವಿ ತೆಗೆದುಕೊಂಡು ಹೋಗಿ ಆದಿಲಕ್ಷ್ಮಿಗೆ ತೋರಿಸಿ, ನೋಡು, ಇನ್ನು ಇದರ ಮುಂದೆ ಕೂರುವ ಕೆಲಸವೇ ಇಲ್ಲ, ನಡಿ ಮನೆಗೆ ಅನ್ನಬೇಕು. ಕನಸು ಕಾಣುವವರ ತರ್ಕ ಯಾವಾಗಲೂ ಹೀಗೇ ನೇರವಾಗಿರುತ್ತದೆ. ಲೋಕ ಸೊಟ್ಟಗಿರುವುದು ಅವರ ತಪ್ಪಲ್ಲ.

ಬೆಳಿಗ್ಗೆ ಕೋವಿಯನ್ನು ಈಚಲು ಚಾಪೆಯಲ್ಲಿ ಸುತ್ತಿ ಹೆಗಲಿಗೇರಿಸಿ ಹೊರಟರು. ಎದುರು ಮನೆಯ ಯಶೋದಮ್ಮ ರಂಗೋಲಿ ಇಡುತ್ತಿದ್ದರು. ಚಾಪೆಯ ಒಂದು ಕೊನೆಯಿಂದ ಎರಡು ನಳಿಗೆಗಳು ಅವರನ್ನೇ ನೋಡುತ್ತಿದ್ದವು.

"ಎಲ್ಲಿಗೆ ರಾಮಾಂಜಿನಣ್ಣ, ಇಷ್ಟ್ ಬೆಳಿಗ್ಗೆನೇ?"

"ಶಿವಾಜಿನಗರಕ್ಕಮ್ಮ. ಇದನ್ನ ರಿಪೇರಿ ಮಾಡಿಸ್ಬೇಕು. ಸ್ಪ್ರಿಂಗ್ ಹೋಗಿದೆ."

"ಅದ್ಯಾಕಣ್ಣ ಈಗ ರಿಪೇರಿ?"

"ಈಗ ಬೇಕಾಗದೆ ಇನ್ಯಾವಾಗಮ್ಮ? ಅಲ್ಲಿಂದ ಹಂಗೇ ಬಾಣಸವಾಡಿಗೆ ಹೋಗ್ತೀನಿ, ಅವರ ತವರಿಗೆ. ಇವತ್ತು ಇತ್ಯರ್ಥ ಆಗ್ಬಿಡ್ಬೇಕು. ಅಮಾವಾಸ್ಯೆ ಒಳಗೆ ಮುಗಿಸ್ಬೇಕು ಯಶೋದಮ್ಮ, ಹಿರಿಯರ ವಿಷಯ."

ಹೀಗೆಂದು ಅವರು ನಡೆದರು. ರಂಗೋಲಿಯ ನವಿಲಿಗೆ ಬಾಲ ಬರೆಯುವುದನ್ನು ಅಲ್ಲಿಗೇ ಬಿಟ್ಟು ಯಶೋದಮ್ಮ ಬೂತಿಗೆ ಓಡಿದರು.

ಇಲಿ ಬಂತು ಅಂದರೆ ಹುಲಿ ಬಂತು ಅನ್ನುವ ಜನ ನಾವು. ಯಶೋದಮ್ಮ ಫೋನಿನಲ್ಲಿ ಆದಿಲಕ್ಷ್ಮಿಯ ತಮ್ಮ ಮುನಿರಾಜುವಿಗೆ ಹೇಳಿದ್ದು ಇಷ್ಟೇ: "ನಿಮ್ಮ ಭಾವ ಕೋವಿ ರಿಪೇರಿ ಮಾಡಿಸ್ಕೊಂಡು ನಿಮ್ಮ ಮನೆಗೇ ಬರ್ತಾವ್ರೆ, ಇವತ್ತೇ ಮುಗಿಸ್ತಾರಂತೆ." ಮುನಿರಾಜು ಪಕ್ಕದ ಮನೆಗೆ ಹೇಳುವಾಗ ಕೋವಿಯ ಜೊತೆ ಒಂದು ಮಚ್ಚು ಸೇರಿತು. ಪಕ್ಕದ ಮನೆಯವರು ಅಂಗಡಿಗೆ ಹೇಳುವಾಗ ಇಬ್ಬರು ಪೈಲ್ವಾನರು ಸೇರಿದರು. ಅಂಗಡಿಯವನು ಪೊಲೀಸರಿಗೆ ಫೋನು ಮಾಡುವ ಹೊತ್ತಿಗೆ ರಾಮಾಂಜಿನಪ್ಪನವರು ಮಟಾಡೋರ್ ವ್ಯಾನಿನಲ್ಲಿ ಬರುತ್ತಿದ್ದರು.

ನಿಜವಾಗಿ ಅವರು ಬರುತ್ತಿದ್ದದ್ದು ಸಿಟಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ಪಕ್ಕದಲ್ಲಿ ಕೂತಿದ್ದ ಹೂವಿನ ಅಮೃತಮ್ಮ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, "ಚಾಪೆ ಚೆನ್ನಾಗೈತೆ, ಎಲ್ಲಿ ತಗೊಂಡ್ರಿ?" ಅಂತ ಅದನ್ನು ಮುಟ್ಟಿ, "ಒಳ್ಳೆ ಗಟ್ಟಿ ಹೆಣಿಗೆ," ಎಂದು ಮೆಚ್ಚಿಕೊಂಡಳು. ಹಳೆ ಮದ್ರಾಸು ರಸ್ತೆಯ ಮರಗಳು ಎಲೆಯ ನೆರಳನ್ನು ಬಸ್ಸಿನೊಳಗೆಲ್ಲ ಓಡಾಡಿಸುತ್ತಿದ್ದವು. ಮಲ್ಲಿಗೆಯ ವಾಸನೆಗೆ, ಎಂಜಿನ್ನಿನ ಗುರುಗುರು ಶಬ್ದಕ್ಕೆ, ಇಂದಿರಾನಗರ ಕಳೆದು ಹಲಸೂರು ಬರುವಷ್ಟರಲ್ಲಿ ರಾಮಾಂಜಿನಪ್ಪನವರ ಕಣ್ಣೆದುರು ಮತ್ತೆ ರಾಗಿ ತೆನೆ ತೂಗತೊಡಗಿತು. ಶಿವಾಜಿನಗರ ಬಂದದ್ದು ಕಂಡಕ್ಟರ್ ಭುಜ ಅಲ್ಲಾಡಿಸಿದಾಗಲೇ ಗೊತ್ತಾದದ್ದು.

ಮುನೀರ್ ಸಾಹೇಬರ ಕೋವಿ ರಿಪೇರಿ ಅಂಗಡಿ ಒಂದು ಗಲ್ಲಿಯ ಒಳಗಿತ್ತು. ಅಂಗಡಿಯಷ್ಟೇ ವಯಸ್ಸಿನ ಬೋರ್ಡು, ಬೋರ್ಡಿನಷ್ಟೇ ಉದ್ದದ ಗಡ್ಡ. ಸಾಹೇಬರಿಗೆ ಕೆಲಸಕ್ಕಿಂತ ಮಾತು ಇಷ್ಟ, ಮಾತಿಗಿಂತ ಬೈಗುಳ ಇಷ್ಟ. ಚಾಪೆ ಬಿಚ್ಚಿ, ಕೋವಿ ಮೂಸಿ ನೋಡಿ, ಎರಡೂ ಕೈ ಎತ್ತಿದರು.

"ಕ್ಯಾ ಯಜಮಾನ್ರೇ! ಇದು ಬಂದೂಕಾ, ಬಜ್ಜಿ ಬಾಂಡ್ಲಿಯಾ? ಯಾರು ಇದಕ್ಕೆ ಒಗ್ಗರಣೆ ಹಾಕಿದ್ದು?"

"ಕೊಬ್ಬರಿ ಎಣ್ಣೆ ಸಾಬ್ರೇ. ಶುದ್ಧವಾದದ್ದು."

"ಶುದ್ಧ! ಕೂದಲು ಬೆಳೀಬೇಕಾ ಇದಕ್ಕೆ? ಜಡೆ ಹಾಕ್ತೀರಾ?"

"ನಮ್ಮ ತಾತ ಇದರಲ್ಲಿ ಚಿರತೆ ಹೊಡೆದಿದ್ರು..."

"ಅರೆ, ಬಿಡಿ! ಇಲ್ಲಿ ಬರೋ ಎಲ್ಲರ ತಾತನೂ ಚಿರತೆ ಹೊಡೆದಿದಾರೆ. ಇಷ್ಟೊಂದು ಚಿರತೆ ಇದ್ದಿದ್ರೆ ಬೆಂಗಳೂರಲ್ಲಿ ತಾತಂದಿರು ಹೆಂಗೆ ಉಳಿದ್ರು, ಹೇಳಿ ನೋಡೋಣ?"

ರಾಮಾಂಜಿನಪ್ಪನವರು ಬೆರಳು ಮಡಚಿ ತಾತಂದಿರನ್ನು ಎಣಿಸತೊಡಗಿದರು. ಆ ಲೆಕ್ಕ ನನಗೂ ಕೂಡಿಲ್ಲ.

ಮುನೀರ್ ಸಾಹೇಬರು ಬೈಯುತ್ತಲೇ ಸ್ಕ್ರೂ ಬಿಚ್ಚಿದರು. ಒಳಗಿನಿಂದ ಹೇರ್‌ಪಿನ್ನಿನ ಹಾಗೆ ಬಗ್ಗಿಸಿದ ಒಂದು ಉಕ್ಕಿನ ಪಟ್ಟಿ ಎರಡು ತುಂಡಾಗಿ ಹೊರಗೆ ಬಂತು. ತುಕ್ಕು ಹಿಡಿದು ಮುರಿದು, ಗಟ್ಟಿಯಾದ ಎಣ್ಣೆಯ ಜಿಡ್ಡಿನಲ್ಲಿ ಸಿಕ್ಕಿಕೊಂಡಿತ್ತು. "ಇಂಗ್ಲೆಂಡ್ ಸ್ಪ್ರಿಂಗು. ಖತಂ. ಇಂಥದ್ದು ಈಗ ಅವರ ದೇಶದಲ್ಲೇ ಸಿಗಲ್ಲ. ನಾನು ಕೂತ್ಕೊಂಡು ಅರ ಹಾಕಿ ಹೊಸದು ಮಾಡ್ಬೇಕು. ನೀವು ಆ ಬೆಂಚ್ ಮೇಲೆ ಕೂತ್ಕೊಳ್ಳಿ. ಚಾ ಬರ್ತದೆ."

ಚಾ ಬಂತು. ಅರದ ಶಬ್ದ ಒಂದೇ ಸಮನೆ ಸವರುತ್ತಿತ್ತು. ಹೊರಗೆ ಬಿಸಿಲು ಹಳದಿಯಾಗಿ ಹರಡಿಕೊಂಡು, ಆಡೊಂದು ಅಂಗಡಿಯ ಮೆಟ್ಟಿಲ ಮೇಲೆ ಮಲಗಿ ರಾಮಾಂಜಿನಪ್ಪನವರ ಜೊತೆ ಜೊತೆಗೇ ತೂಕಡಿಸಿತು. ಮಂಜು ಇಳಿಯಿತು. ರಾಗಿ ಹೊಲ ಬಂತು. ಆದರೆ ಆ ದಿನ ಹೊಲದಲ್ಲಿ ತಾತ ಇರಲಿಲ್ಲ. ಟಿಫನ್ ಕ್ಯಾರಿಯರ್ ಹಿಡಿದು ಆದಿಲಕ್ಷ್ಮಿ ನಿಂತಿದ್ದಳು. ಅವಳ ಪಕ್ಕದಲ್ಲಿ ಚಿರತೆ ಕೂತಿತ್ತು. ಇಬ್ಬರೂ ರಸ್ತೆಯ ಕಡೆ ನೋಡುತ್ತಾ ಅವರಿಗಾಗಿಯೇ ಕಾಯುತ್ತಿದ್ದರು. ಚಿರತೆ ಅವಳನ್ನು ಏನೂ ಮಾಡಲಿಲ್ಲ, ಅದಕ್ಕೂ ಕಾದು ಕಾದು ಸಾಕಾಗಿತ್ತು. ಬಂದೆ, ಬಂದೆ ಎಂದು ರಾಮಾಂಜಿನಪ್ಪನವರು ಕೂಗಿದರು. ಗಂಟಲಿನಿಂದ ಸದ್ದು ಹೊರಡಲಿಲ್ಲ.

ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ಇಷ್ಟು ವರ್ಷ ಕಂಡ ಕನಸಿನಲ್ಲಿ ಒಮ್ಮೆಯೂ ಹೆಂಡತಿ ಬಂದಿರಲಿಲ್ಲ ಎನ್ನುವುದು ಅವರಿಗೆ ಆಗಲೇ ಗೊತ್ತಾದದ್ದು. ಕೂಡಲೇ ಬಾಣಸವಾಡಿಗೆ ಹೋಗಬೇಕು ಅನ್ನಿಸಿತು.

"ತಗೊಳ್ಳಿ," ಎಂದು ಮುನೀರ್ ಸಾಹೇಬರು ಲಿವರ್ ತಳ್ಳಿದರು. ಟಕ್! ಕೋವಿ ಬಾಯಿ ಬಿಟ್ಟಿತು. ಮುಚ್ಚಿ ಕೊಟ್ಟರು. ರಾಮಾಂಜಿನಪ್ಪನವರು ತಳ್ಳಿದರು. ಕೋವಿ ಸುಮ್ಮನಿತ್ತು.

"ಹೊಸ ಸ್ಪ್ರಿಂಗು ಅಂದ್ರೆ ಹೊಸ ಸೊಸೆ ಯಜಮಾನ್ರೇ. ನಾಲ್ಕು ದಿನ ಬಿಗಿಯಾಗೇ ಇರ್ತದೆ, ಆಮೇಲೆ ಮನೆಗೆ ಹೊಂದ್ಕೊಳ್ತದೆ. ಹೆಬ್ಬೆಟ್ಟಲ್ಲಿ ದಮ್ಮು ಬೇಕು, ದಮ್ಮು."

"ದಮ್ಮಿದೆ ಸಾಬ್ರೇ. ಮನೇಲಿ ಮಾಡ್ಕೋತೀನಿ," ಎಂದು ರಾಮಾಂಜಿನಪ್ಪನವರು ಗಡಿಬಿಡಿಯಲ್ಲಿ ಹೊರಟುಬಿಟ್ಟರು. ಚಾಪೆ ಅಂಗಡಿಯಲ್ಲೇ ಉಳಿಯಿತು. ಅದರ ಮೇಲೆ ಆಡು ಮಲಗಿತು.

ಬಾಣಸವಾಡಿಯಲ್ಲಿ ಬಸ್ಸಿಳಿದು, ಬರಿಗೋವಿ ಹೆಗಲ ಮೇಲಿಟ್ಟುಕೊಂಡು ಮುನಿರಾಜುವಿನ ಬೀದಿಗೆ ತಿರುಗಿದರು. ಹಬ್ಬದ ಹಿಂದಿನ ದಿನಗಳಲ್ಲಿ ಗಿಜಿಗಿಜಿ ಅನ್ನಬೇಕಾದ ಬೀದಿ ಬಿಕೋ ಅನ್ನುತ್ತಿತ್ತು. ಬಾಗಿಲುಗಳೆಲ್ಲ ಹಾಕಿದ್ದವು. ಅಂಗಡಿಯ ಶಟರ್ ಅರ್ಧ ಇಳಿದಿತ್ತು, ಅದರ ಕೆಳಗಿನಿಂದ ಎರಡು ಪಾದ ಮಾತ್ರ ಕಾಣುತ್ತಿದ್ದವು, ಅವೂ ಒಳಗೆ ಸರಿದವು. ಯಾರೋ ಒಣಗಲು ಹಾಕಿದ್ದ ಸಂಡಿಗೆಯನ್ನು ಒಂದು ಕಾಗೆ ಯಾರ ಭಯವೂ ಇಲ್ಲದೆ ತಿನ್ನುತ್ತಿತ್ತು.

ರಾಮಾಂಜಿನಪ್ಪನವರು ನಡುಬೀದಿಯಲ್ಲೇ ನಿಂತರು. ಬೀದಿಗೆ ಬೀದಿಯೇ ಬಾಗಿಲು ಹಾಕಬೇಕಾದರೆ ಅದಕ್ಕೆ ಒಂದೇ ಅರ್ಥ. ಕಣ್ಣಿನ ಆಪರೇಷನ್ ಅಂದಿದ್ದರು, ಮುದುಕಿಯ ಪ್ರಾಣಕ್ಕೇ ಬಂತೇ? ಕೊನೆಗಾಲದಲ್ಲಿ ಅಳಿಯ ಆಸ್ಪತ್ರೆಗೂ ಬರಲಿಲ್ಲವಲ್ಲ! ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಮುನಿರಾಜುವಿನ ಮನೆಯ ಜಗಲಿಯ ಮೇಲೆ ಕುಸಿದು, ಕೋವಿಯನ್ನು ಎದೆಗವಚಿಕೊಂಡು ಗಟ್ಟಿಯಾಗಿ ಅತ್ತರು.

"ಅತ್ತೇ! ಅಯ್ಯೋ ನನ್ನ ಅತ್ತೇ! ನಿಮ್ಮ ಹತ್ರಕ್ಕೆ ಬಂದೆ ಅತ್ತೇ!"

ಒಳಗಿನಿಂದ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಜಟ್ಟೆಮ್ಮನವರ ದನಿ ನಡುಗುತ್ತಾ ಬಂತು: "ನಾನೇನಪ್ಪಾ ಮಾಡಿದೀನಿ ನಿಂಗೆ?"

ಸತ್ತವರು ಮಾತಾಡಿದ್ದು ಕೇಳಿ ರಾಮಾಂಜಿನಪ್ಪನವರು ಜಗಲಿಯಿಂದ ನೆಗೆದು ಬೀದಿಯ ಮಧ್ಯಕ್ಕೆ ಬಿದ್ದರು. ಬಿದ್ದವರು ಎದ್ದು ನಿಲ್ಲುವಾಗ ಕೋವಿಯ ಮೂತಿ ಮಹಡಿಯ ಕಡೆ ತಿರುಗಿತು. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದ ಮುನಿರಾಜು ಕೈ ಮೇಲೆತ್ತಿಕೊಂಡು ಎದ್ದ.

"ಭಾವ! ಭಾವ, ಕೈ ಮುಗೀತೀನಿ! ಮದುವೇಲಿ ನಿಮಗೆ ಹಾಕ್ತೀನಂದ ಉಂಗುರ ನಾಳೇನೇ ಹಾಕ್ತೀನಿ!"

"ಉಂಗುರಾನಾ? ಯಾವ ಉಂಗುರನೋ ಮುನಿರಾಜು? ಅತ್ತೆ ಹೆಂಗವ್ರೆ, ಅದು ಹೇಳು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯ ಸ್ವಭಾವ. ಇಲ್ಲಿ ಕಳ್ಳ ಅಂತ ಯಾರೂ ಅನ್ನದಿದ್ದರೂ ಮುನಿರಾಜು ಎರಡೂ ಹೆಗಲು ಮುಟ್ಟಿ ನೋಡಿಕೊಂಡ. "ನೀವು ಸಾಕಕ್ ಕೊಟ್ಟಿದ್ದ ಸೀಮೆಹಸುವಿನ ಕರು ಸತ್ತೋಯ್ತು ಅಂದಿದ್ದೂ ಸುಳ್ಳು ಭಾವ! ಮಾರ್ಬಿಟ್ಟೆ! ನಿಮ್ಮ ಚಿರತೆ ಬೆಕ್ಕು ಅಂತ ಊರೆಲ್ಲ ಹೇಳ್ದೋನೂ ನಾನೇ ಭಾವ!"

ಉಂಗುರ, ಕರು ಎರಡನ್ನೂ ರಾಮಾಂಜಿನಪ್ಪನವರು ಸಹಿಸಿಕೊಂಡರು. ಮೂರನೆಯದು ಮಾತ್ರ ತಾಗಿತು. "ಬೆಕ್ಕು ಅಂದ್ಯಾ?" ಎಂದು ಒಂದು ಹೆಜ್ಜೆ ಮುಂದಿಟ್ಟರು. ಅದೇ ಗಳಿಗೆಯಲ್ಲಿ ಹಿಂದಿನ ಬೀದಿಯಲ್ಲಿ ಯಾರೋ ಹಚ್ಚಿದ ಆಟಂಬಾಂಬು ಢಂ ಎಂದಿತು.

ಮುನಿರಾಜು ಟ್ಯಾಂಕಿನ ಹಿಂದೆ ಉರುಳಿದ. ಮನೆಮನೆಗಳಲ್ಲಿ ಪಾತ್ರೆ ಬಿದ್ದವು. ಕಿಟಕಿಗಳಿಂದ "ಹೊಡೆದ್ಬಿಟ್ಟ, ಹೊಡೆದ್ಬಿಟ್ಟ" ಎಂಬ ಕೂಗೆದ್ದಿತು. ರಾಮಾಂಜಿನಪ್ಪನವರೂ ಗುಂಡು ಯಾವ ಕಡೆಯಿಂದ ಬಂತೋ ಎಂದು ನೆಲಕ್ಕೆ ಬೋರಲು ಮಲಗಿದರು. ಆ ಸಮಯಕ್ಕೆ ಸರಿಯಾಗಿ ಮೋಟಾರ್ ಸೈಕಲ್ ಮೇಲೆ ಪೊಲೀಸ್ ದಫೇದಾರರು ಬಂದರು. ವ್ಯಾನು, ಪೈಲ್ವಾನರು, ಮಚ್ಚು ಎಲ್ಲಿ ಎಂದು ಹುಡುಕಿದರು. ಕಂಡದ್ದು ಧೂಳಿನಲ್ಲಿ ಮಲಗಿದ್ದ ಒಬ್ಬ ಬರಿಗಾಲಿನ ಯಜಮಾನರು ಮಾತ್ರ.

"ಏಯ್! ಎದ್ದೇಳ್ರೀ! ಕೋವಿ ಕೆಳಗಿಡ್ರಿ!"

"ಕೆಳಗೇ ಇದೀವಿ ಸಾರ್, ಇಬ್ರೂ."

"ಲೈಸೆನ್ಸ್ ಇದೆಯೇನ್ರೀ?"

"ಇದೆ ಸಾರ್. ಬೆಳೆ ಕಾಯಕ್ಕೆ."

"ಬಾಣಸವಾಡೀಲಿ ಯಾವ ಬೆಳೆ ರೀ?"

"ಬೆಳೆ ಇಲ್ಲ ಸಾರ್. ಹೆಂಡ್ತಿನ ಕರ್ಕೊಂಡ್ ಹೋಗಕ್ ಬಂದೆ."

ದಫೇದಾರರು ತಮ್ಮ ಸರ್ವಿಸ್ಸಿನಲ್ಲಿ ಹೆಂಡತಿಯನ್ನು ಕರೆಯಲು ಹಣ್ಣು ತಂದವರನ್ನು ಕಂಡಿದ್ದರು, ಹೂವು ತಂದವರನ್ನು ಕಂಡಿದ್ದರು, ಪಂಚಾಯ್ತಿದಾರರನ್ನು ತಂದವರನ್ನೂ ಕಂಡಿದ್ದರು. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಬಿಚ್ಚಿ ತೋರ್ಸಿ. ಒಳಗೆ ತೋಟಾ ಇದೆಯಾ ನೋಡ್ಬೇಕು."

ರಾಮಾಂಜಿನಪ್ಪನವರು ಲಿವರ್ ತಳ್ಳಿದರು. ಅದು ಕದಲಲಿಲ್ಲ. "ಹೊಸ ಸ್ಪ್ರಿಂಗು ಸಾರ್," ಎಂದು ಹಲ್ಲು ಕಿರಿದರು. ದಫೇದಾರರು ಕಿತ್ತುಕೊಂಡು ತಾವು ತಳ್ಳಿದರು. ಹೆಬ್ಬೆರಳು ಕೆಂಪಾಯಿತು, ಮುಖ ಅದಕ್ಕಿಂತ ಕೆಂಪಾಯಿತು. ಒಬ್ಬರು ನಳಿಗೆ ಹಿಡಿದು, ಇನ್ನೊಬ್ಬರು ಹಿಡಿ ಹಿಡಿದು ಜಗ್ಗಿದರು. ಮೂತಿ ಯಾವ ಕಡೆ ತಿರುಗಿದರೆ ಆ ಕಡೆಯ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಒಳಗೆ ತೋಟಾ ಇದೆಯೋ ಇಲ್ಲವೋ ದೇವರಿಗೇ ಗೊತ್ತು ಎನ್ನುವ ಪರಿಸ್ಥಿತಿಯಲ್ಲಿ ಇಡೀ ಬೀದಿ ಉಸಿರು ಹಿಡಿದಿತ್ತು.

ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ಸೊಂಟದ ಮೇಲೆ ಹಿಟ್ಟಿನ ಡಬ್ಬ ಇಟ್ಟುಕೊಂಡು ಬರುತ್ತಿದ್ದಳು. ಬೆಳಿಗ್ಗೆ ಚಕ್ಕುಲಿ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿ, ಕರೆಂಟು ಹೋಗಿ, ಸಾಲಿನಲ್ಲಿ ಕೂತು, ಈಗಷ್ಟೇ ಬಿಡುವಾಗಿ ಬರುತ್ತಿದ್ದ ಆದಿಲಕ್ಷ್ಮಿ. ಊರೆಲ್ಲ ಹರಡಿದ್ದ ಸುದ್ದಿ ಗಿರಣಿಯ ಸದ್ದಿನಲ್ಲಿ ಅವಳೊಬ್ಬಳ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

"ಅಕ್ಕ, ಬರ್ಬೇಡ! ಓಡೋಗು!" ಎಂದು ಟ್ಯಾಂಕಿನ ಹಿಂದಿನಿಂದ ಮುನಿರಾಜು ಅರಚಿದ.

ಆದಿಲಕ್ಷ್ಮಿ ಬಂದೇ ಬಂದಳು. ಹಿಟ್ಟು ಮೆತ್ತಿದ ಹುಬ್ಬು ಮೇಲೇರಿಸಿ, "ಏನ್ರೀ ಇದು, ಬೀದಿ ಮಧ್ಯ ಇಬ್ರೂ ಜಗ್ಗಾಡ್ತಿದೀರ? ಕಬ್ಬಿನ ಜಲ್ಲೆನಾ ಅದು? ಕೊಡಿ ಇಲ್ಲಿ," ಎಂದಳು.

ಗರುಡಾಚಾರ್‌ಪಾಳ್ಯದಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೊಂದನ್ನು ಈಗ ಹೇಳಲೇಬೇಕು. ಮದುವೆಯಾದ ವರ್ಷದಿಂದ ಪ್ರತಿ ದೀಪಾವಳಿಯ ಎಡೆಯ ಮುಂದೆ ಆ ಕೋವಿಯನ್ನು ಬಿಚ್ಚಿದ್ದು ಆದಿಲಕ್ಷ್ಮಿ. ರಾಮಾಂಜಿನಪ್ಪನವರು ಮೀಸೆ ತಿರುವಿ, "ಸ್ವಲ್ಪ ಹಿಡ್ಕೋ, ಪಂಚೆ ಸರಿ ಮಾಡ್ಕೋತೀನಿ," ಎಂದು ಅವಳ ಕೈಗೆ ಕೊಡುತ್ತಿದ್ದರು. ಪಂಚೆ ಸರಿಯಾಗುವಷ್ಟರಲ್ಲಿ ಕೋವಿ ಬಾಯಿ ಬಿಟ್ಟಿರುತ್ತಿತ್ತು. ಅದರ ವಿಷಯ ಇಬ್ಬರೂ ಎಂದೂ ಆಡಿಕೊಂಡವರಲ್ಲ.

ದಿನಕ್ಕೆರಡು ಹೊತ್ತು ಮುದ್ದೆ ತೊಳಸಿ, ಹಸು ಕರೆದು ಪಳಗಿದ ಹೆಬ್ಬೆರಳನ್ನು ಅವಳು ಲಿವರಿನ ಮೇಲಿಟ್ಟಳು. ಟಕ್! ಕೋವಿ ತಲೆಬಾಗಿ ಬಾಯಿ ಬಿಟ್ಟಿತು. ಎರಡೂ ನಳಿಗೆ ಖಾಲಿ. ದಫೇದಾರರು ಒಂದು ತುದಿಯಿಂದ ಬಗ್ಗಿ ನೋಡಿದರು. ಕಂಡದ್ದು ಎರಡು ಬಿಲ್ಲೆಯಷ್ಟು ಬಾಣಸವಾಡಿಯ ಸಂಜೆಯ ಆಕಾಶ.

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಯಾರಿಗೂ ಏನೂ ಆಗಲಿಲ್ಲವೆಂದು ತಿಳಿದು ಬೀದಿಗೆ ಸಮಾಧಾನವಾಯಿತು. ಸ್ವಲ್ಪ ಬೇಸರವೂ ಆಯಿತು. ಆದಿಲಕ್ಷ್ಮಿಗೆ ಮುನಿರಾಜು ಮೇಲಿನಿಂದಲೇ ನಡೆದದ್ದನ್ನೆಲ್ಲ ಹೇಳಿದ. ಅವಳು ಗಂಡನ ಮುಖ ನೋಡಿದಳು.

"ನನ್ನ ಹೊಡಿಯಕ್ಕೆ ಬಂದ್ರಾ?"

"ಛೆ ಛೆ! ಯಾರ್ ಹೇಳಿದ್ದು? ಜಿರಲೆ ಬಂದ್ರೂ ನಿನ್ನೇ ತಾನೆ ಕರೆಯೋದು ನಾನು!"

"ಮತ್ತೆ ಇದನ್ಯಾಕೆ ತಂದ್ರಿ?"

"ಅದು... ಸ್ಪ್ರಿಂಗು..."

"ಸ್ಪ್ರಿಂಗ್ ವಿಷಯ ಬಿಡಿ. ನಿಮ್ಮ ತಾತಂಗೆ ಎಡೆ ಇಡಕ್ಕೆ ಆಳು ಬೇಕು ಅಂತ ಬಂದ್ರೋ, ನಾನು ಬೇಕು ಅಂತ ಬಂದ್ರೋ? ಎಲ್ಲರೂ ಕೇಳಿಸ್ಕೊಳ್ಲಿ, ಹೇಳಿ."

ಇಡೀ ಬೀದಿ ಕಿವಿ ನಿಮಿರಿಸಿತು. ದಫೇದಾರರೂ ಮೋಟಾರ್ ಸೈಕಲ್ ಎಂಜಿನ್ ಆರಿಸಿದರು. ರಾಮಾಂಜಿನಪ್ಪನವರು ಬರಿಗಾಲಿನಲ್ಲಿ, ಧೂಳು ಮೆತ್ತಿದ ಹೊಟ್ಟೆಯಲ್ಲಿ ನಿಂತಿದ್ದರು. ಕನಸಿನಲ್ಲಿ ಅಡಗಿಕೊಳ್ಳಲು ಪ್ರಯತ್ನಿಸಿದರು, ಮಂಜು ಇಳಿಯಲಿಲ್ಲ.

"ಅವತ್ತು ನಿನ್ನ ಟಿನ್ ಫ್ಯಾಕ್ಟರೀಲಿ ನಿಲ್ಲಿಸ್ಬಿಟ್ಟೆನಲ್ಲ," ಎಂದರು. "ಇವತ್ತು ಸಾಬ್ರ ಅಂಗಡೀಲಿ ಕಣ್ಣು ಮುಚ್ಚಿದ್ರೆ ಅಲ್ಲೂ ನಿಂತಿದ್ದೆ ನೀನು. ಕೂಗ್ತೀನಿ, ಕೂಗ್ತೀನಿ, ಬಾಯೇ ಬರ್ಲಿಲ್ಲ. ಮನೇಲಿ ಕೋವಿ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು ಕಣೇ. ಅದು ತಿರುಗಿ ಬಯ್ಯಲ್ಲ."

ಆದಿಲಕ್ಷ್ಮಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು, ಅದರ ಜೊತೆಗೆ ಇನ್ನೇನನ್ನೋ ಒರೆಸಿಕೊಂಡಳು.

"ಊಟ ಆಯ್ತಾ?"

"ಬ್ರೆಡ್ ತಿಂದೆ."

"ಯಾವಾಗ?"

"ನಿನ್ನೆ."

"ನಿಮ್ಮ ತಲೆ!" ಎಂದು ಅವಳು ಒಳಗೆ ಹೋದಳು. ರಾಮಾಂಜಿನಪ್ಪನವರಿಗೆ ಕಿವಿ ಗುಂಯ್‌ಗುಡುವುದು ನಿಂತಿತು.

ಅವರಿಗೆ ಹೊಟ್ಟೆ ತುಂಬ ಬಡಿಸಿ, ತಾಯಿಯ ಕಣ್ಣಿಗೆ ಹನಿ ಹಾಕುವುದನ್ನು ತಮ್ಮನಿಗೆ ಕಲಿಸಿ, ಆದಿಲಕ್ಷ್ಮಿ ಬ್ಯಾಗು ತುಂಬಿದಳು. ಟ್ಯಾಂಕಿನ ಹಿಂದೆ ಆಡಿದ ಮಾತಿಗೆ ಬೆಲೆಯಿಲ್ಲ ಎಂದು ಮುನಿರಾಜು ವಾದಿಸಲು ನೋಡಿದ. ಜಟ್ಟೆಮ್ಮನವರು ಮೂಲೆಯಿಂದ, "ಉಂಗುರ ಹಾಕ್ತೀನಿ ಅಂದೆ ಕಣೋ, ನಾನೇ ಸಾಕ್ಷಿ. ಪಟ್ಟಿ ಕಟ್ಟಿರೋದು ಕಣ್ಣಿಗೆ, ಕಿವಿಗಲ್ಲ," ಎಂದು ಗದರಿದರು. ಅಳಿಯ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ, ಅವು ಬೆಚ್ಚಗಿರುವುದನ್ನು ಖಾತ್ರಿ ಮಾಡಿಕೊಂಡರು.

ಹೊರಡುವಾಗ ದಫೇದಾರರು ಏನೋ ಹೇಳಿದರು. ಬೀದಿಯಲ್ಲಿ ಗಲಾಟೆಯಾಗಿದೆ, ದೂರು ಬಂದಿದೆ, ಮೇಲಿನವರು ಕೇಳುತ್ತಾರೆ, ಈ ಕೋವಿ ಈಗ ನನ್ನ ಜೊತೆ ಸ್ಟೇಷನ್ನಿಗೆ ಬರಬೇಕು, ನಾಳೆ ಬಂದು ಬಿಡಿಸಿಕೊಳ್ಳಿ ಎಂಬಂಥ ಮಾತುಗಳು. ರಾಮಾಂಜಿನಪ್ಪನವರು "ಆಯ್ತು ಸಾರ್, ಆಯ್ತು ಸಾರ್," ಎಂದರು. ಅವರ ಗಮನವೆಲ್ಲ ಆದಿಲಕ್ಷ್ಮಿಯ ಬ್ಯಾಗಿನ ಜಿಪ್ಪಿನ ಮೇಲಿತ್ತು, ಅದು ಕೂಡುತ್ತಿರಲಿಲ್ಲ.

ರಿಂಗ್ ರೋಡಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಕತ್ತಲಾಗುತ್ತಾ ಬಂದಿತ್ತು. ಹಬ್ಬಕ್ಕೆ ಮೊದಲೇ ಅವಸರಪಟ್ಟವರ ಹೂಕುಂಡಗಳು ದೂರದ ಮನೆಗಳ ಮುಂದೆ ಚಿಮ್ಮಿ ಆರುತ್ತಿದ್ದವು. ಹೊಗೆ ರಸ್ತೆಯ ಮೇಲೆ ತೆಳ್ಳಗೆ ಹಾಸಿಕೊಂಡು, ದೀಪಗಳೆಲ್ಲ ಅದರೊಳಗೆ ತೇಲುತ್ತಿದ್ದವು. ಎಂಥವರಿಗೂ ಕನಸು ಬರುವ ಹೊತ್ತು. ರಾಮಾಂಜಿನಪ್ಪನವರು ಕಿಟಕಿಯಾಚೆ ನೋಡಲೇ ಇಲ್ಲ. ಹಸು ಒದೆಯುತ್ತಿರುವುದು, ಕರಿಬೇವು ಚಿಗುರಿರುವುದು, ಯಶೋದಮ್ಮನ ನವಿಲಿಗೆ ಬಾಲವಿಲ್ಲದಿರುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೆಂಡತಿಗೆ ಹೇಳುತ್ತಿದ್ದರು. ಅವಳು ನಡುನಡುವೆ ಬೈಯುತ್ತಿದ್ದಳು.

ಬಸ್ಸು ರಾಮಮೂರ್ತಿನಗರ ದಾಟಿತು. ಆದಿಲಕ್ಷ್ಮಿ ಬ್ಯಾಗು ಮುಟ್ಟಿ ನೋಡಿದಳು, ಸೀಟಿನ ಕೆಳಗೆ ಬಗ್ಗಿ ನೋಡಿದಳು, ಗಾಬರಿಯಿಂದ ಗಂಡನ ತೋಳು ಹಿಡಿದು ಅಲ್ಲಾಡಿಸಿದಳು.

"ರೀ, ಕೋವಿ ಎಲ್ಲಿ?"

ಹಸುವಿನ ಮಾತು ಅರ್ಧಕ್ಕೇ ನಿಂತಿದ್ದಕ್ಕೆ ರಾಮಾಂಜಿನಪ್ಪನವರಿಗೆ ಬೇಸರವಾಯಿತು.

"ಯಾವ ಕೋವಿ?" ಎಂದರು.